ಫ್ರೆಂಚರ ಆಷಾಢಭೂತಿಯೂ ನಮ್ಮ ಸೀಮೆಯ ಹಾಡಿನ ನಾಟಕವೂ

ಹಾಡಿಲ್ಲದ ನಾಟಕವನ್ನು ನಾಟಕವೆಂದು ಒಪ್ಪಿಕೊಳ್ಳುವ ರೂಢಿಯು ನಮ್ಮ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆಯಲ್ಲಿ ಹಿಂದಿನಿಂದಲೂ ಇಲ್ಲ. ಸುಗ್ಗಿ ತೀರಿ ಕಣಗಳು ಬರಿದಾದ ಮೇಲೆ ಊರ ಮುಂದಿನ ಬಯಲಿನಲ್ಲಿ ಅಟ್ಟ ಕಟ್ಟಿ, ಪರದೆ ಇಳಿಬಿಟ್ಟು, ಪೇಟಿ ತಬಲಾಗಳನ್ನು ಮುಂದಿಟ್ಟುಕೊಂಡು ಕುಳಿತರೆಂದರೆ, ಪಾತ್ರಧಾರಿಯು ಮಾತು ಮರೆತರೂ ಜನರು ಕ್ಷಮಿಸುವರು. ಸ್ವರ ತಪ್ಪಿದರೆ ಕ್ಷಮಿಸುವದಿಲ್ಲ. ಇಂಥ ಸೀಮೆಯಲ್ಲಿ ಹುಟ್ಟಿ ಬೆಳೆದು, ಮೂವತ್ತಕ್ಕೂ ಮಿಕ್ಕಿ ವರ್ಷ ಮಕ್ಕಳಿಗೆ ಶಬ್ದರೂಪಗಳನ್ನು ಬಾಯಿಪಾಠ ಮಾಡಿಸಿ ನಿವೃತ್ತನಾದ ನಾನು, ಫ್ರಾನ್ಸ ದೇಶದ ಒಂದು ಪ್ರಹಸನವನ್ನು ಕುರಿತು ಬರೆಯಹೊರಟದ್ದು ವಾಚಕರಿಗೆ ವಿಚಿತ್ರವಾಗಿ ತೋರಬಹುದು. ಕಾರಣವನ್ನು ಅರಿಕೆ ಮಾಡಿಕೊಳ್ಳುತ್ತೇನೆ.

ಕೆಲವು ವರ್ಷಗಳ ಹಿಂದೆ ಮಗಳ ಊರಿಗೆ ಹೋಗಿದ್ದಾಗ, ಅಲ್ಲಿಯ ಕಾಲೇಜಿನ ವಿದ್ಯಾರ್ಥಿಗಳು ಆಡಿದ ‘ಆಷಾಢಭೂತಿ’ ನಾಟಕವನ್ನು ನಾನೂ ನನ್ನ ಪತ್ನಿಯೂ ನೋಡಿದೆವು. ಮೂಲದಲ್ಲಿ ಒಂದೂ ಹಾಡಿಲ್ಲದ ಆ ನಾಟಕಕ್ಕೆ ಹುಡುಗರು ತಾವೇ ಏಳೆಂಟು ಹಾಡುಗಳನ್ನು ಹೊಸೆದು, ಮಟ್ಟು ಕೂಡಿಸಿ, ಹಾಡಿನ ನಾಟಕವನ್ನಾಗಿ ಮಾಡಿದ್ದರು. ನೋಡಲು ಹೋದದ್ದು ಮೊಮ್ಮಗಳ ಹಟಕ್ಕಾಗಿ. ನೋಡಿ ಬಂದ ಮೇಲೆ ನನ್ನ ನಿದ್ರೆ ಕೆಟ್ಟಿತು. ಅದೇಕೆಂಬುದನ್ನು ಮುಂದೆ ಹೇಳುವೆನು. ಮೊದಲು ನಾಟಕದ ವಿಷಯ.

‘ಆಷಾಢಭೂತಿ’ಯು ಫ್ರೆಂಚ ನಾಟಕಕಾರನಾದ ಮೋಲಿಯೇರನ ‘ತಾರ್ತೂಫ್’ ಎಂಬುದರ ಕನ್ನಡ ರೂಪಾಂತರ. ಇದನ್ನು ಮಾಡಿದವರು ಮೈಸೂರಿನಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದ ಎ. ಎನ್. ಮೂರ್ತಿರಾಯರು. ೧೯೦೦ರಲ್ಲಿ ಹುಟ್ಟಿ ೨೦೦೩ರವರೆಗೆ, ಎಂದರೆ ನೂರು ದಾಟಿ ಮೂರು ವರ್ಷ ಬಾಳಿದ ಈ ಹಿರಿಯರ ಲಲಿತ ಪ್ರಬಂಧಗಳನ್ನು ಓದದ ಕನ್ನಡಿಗರು ವಿರಳ. ಆದರೆ ಅವರ ನಾಟಕದ ಹೆಸರಿನಲ್ಲಿರುವ ಸೊಗಸನ್ನು ಎಷ್ಟು ಜನರು ಗಮನಿಸಿದ್ದಾರೋ ಕಾಣೆ. ಪರದೇಶದ ಕಪಟಿಗೆ ಅವರು ಹೊಸ ಹೆಸರನ್ನು ಹುಡುಕಲಿಲ್ಲ; ನಮ್ಮ ಪಂಚತಂತ್ರದಲ್ಲಿ ಎಷ್ಟೋ ಶತಮಾನಗಳಿಂದ ಕುಳಿತಿದ್ದ ಒಬ್ಬ ಕಪಟಿಯನ್ನು ಎಬ್ಬಿಸಿ, ‘ಏಳಯ್ಯಾ, ನಿನಗೆ ಪ್ಯಾರಿಸ್ಸಿನಿಂದ ನೆಂಟನೊಬ್ಬ ಬಂದಿದ್ದಾನೆ’ ಎಂದರು.

ಆ ಕಥೆ ಮಿತ್ರಭೇದದಲ್ಲಿದೆ. ದೇವಶರ್ಮನೆಂಬ ಸನ್ಯಾಸಿಯು ಏಕಾಂತದ ಮಠದಲ್ಲಿದ್ದುಕೊಂಡು, ಯಜಮಾನರು ಕೊಟ್ಟ ನಯವಾದ ವಸ್ತ್ರಗಳನ್ನು ಮಾರಿ ಮಾರಿ ಹಣ ಕೂಡಿಸಿದನು. ಹಣ ಕೂಡಿದಂತೆ ನಂಬಿಗೆ ಹೋಯಿತು. ಹಗಲೂ ರಾತ್ರಿಯೂ ಗಂಟನ್ನು ಕಂಕುಳಿನಿಂದ ತೆಗೆಯನು. ಇದನ್ನು ಕಂಡ ಆಷಾಢಭೂತಿಯೆಂಬ ಧೂರ್ತನು, ಮಠದ ಕಲ್ಲುಗೋಡೆಗೆ ಕನ್ನ ಕೊರೆಯುವದು ಆಗದೆಂದು ತಿಳಿದು, ಮನಸ್ಸಿಗೇ ಕನ್ನ ಕೊರೆಯಲು ನಿಶ್ಚಯಿಸಿದನು. ಸಂಸಾರವು ಹುಲ್ಲುಬೆಂಕಿಯಂತೆ ಕ್ಷಣಿಕವೆಂದು ಕಣ್ಣೀರಿಟ್ಟು, ಕಾಲಿಗೆ ಬಿದ್ದು ಶಿಷ್ಯನಾದನು, ಕೈಕಾಲು ಒತ್ತಿದನು, ಪತ್ರೆ ತಂದನು. ಬಹುಕಾಲ ಗುರುವು ರಾತ್ರಿ ಅವನನ್ನು ಮಠದ ಒಳಗೆ ಬಿಡಲಿಲ್ಲ. ಕೊನೆಗೊಂದು ದಿನ ಪರಊರಿಗೆ ಹೋಗುವಾಗ ಹೊಳೆಯ ದಂಡೆಯಲ್ಲಿ, ಗಂಟನ್ನು ಕಂಥೆಯೊಳಗೆ ಸುತ್ತಿ ಶಿಷ್ಯನ ವಶಕ್ಕೆ ಕೊಟ್ಟು ಬಯಲಕಡೆಗೆ ಹೋದನು. ಅಲ್ಲಿ ಎರಡು ಟಗರುಗಳ ಕಾಳಗವನ್ನು ನೋಡುತ್ತ ನಿಂತು ತಿರುಗಿ ಬರುವಷ್ಟರಲ್ಲಿ ಶಿಷ್ಯನೂ ಇಲ್ಲ, ಗಂಟೂ ಇಲ್ಲ. ದೇವಶರ್ಮನು ಗೋಳಾಡಿದ ಮೇಲೆ ಕಡೆಗೆ ಒಪ್ಪಿಕೊಂಡ ಮಾತೊಂದಿದೆ: ಇದು ಪರರು ಮಾಡಿದ ಕೇಡಲ್ಲ, ನಾನೇ ತಂದುಕೊಂಡದ್ದು ಎಂದು. ಈ ಒಂದು ಮಾತಿನ ಸಲುವಾಗಿಯೇ ಆ ಕಥೆ ಹುಟ್ಟಿತೆಂದು ನನ್ನ ಮತ. ತರಗತಿಯಲ್ಲಿ ಇದನ್ನು ಎಷ್ಟೋ ಸಲ ಪಾಠ ಮಾಡಿದ್ದೇನೆ. ಪಾಠ ಮಾಡುವದು ಬೇರೆ, ತಿಳಿಯುವದು ಬೇರೆ.

ಇನ್ನು ಮೋಲಿಯೇರನ ಸಂಗತಿ. ಇವನ ಹುಟ್ಟುಹೆಸರು ಝಾನ್-ಬಾಪ್ತಿಸ್ತ್ ಪೋಕ್ಲಾನ್. ೧೬೨೨ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದನು. ತಂದೆಯು ಅರಮನೆಗೆ ಗಾದಿ, ಆಸನ, ಜಮಖಾನೆಗಳನ್ನು ಸಿದ್ಧಪಡಿಸಿ ಕೊಡುವ ಗೌರವದ ಉದ್ಯೋಗದವನು. ಮಗನು ಅದನ್ನು ಒಲ್ಲದೆ ೧೬೪೩ರಲ್ಲಿ ಗೆಳೆಯರೊಡನೆ ನಾಟಕ ಕಂಪನಿ ಕಟ್ಟಿದನು. ಎರಡು ವರ್ಷದಲ್ಲಿ ಸಾಲಕ್ಕೆ ಸಿಕ್ಕು ಸೆರೆಮನೆ ಕಂಡನು. ಆಮೇಲೆ ಹದಿಮೂರು ವರ್ಷ ಹಳ್ಳಿ ಪಟ್ಟಣಗಳಲ್ಲಿ ಗಾಡಿಯ ಮೇಲೆ ಪರದೆ ಹೇರಿಕೊಂಡು ತಿರುಗಿದನು. ನಮ್ಮ ಕಂಪನಿಗಳ ಮಾಲಕರ ಚರಿತ್ರೆಯನ್ನು ಬಲ್ಲವರಿಗೆ ಇದೇನೂ ಹೊಸದಲ್ಲ. ಸಾಲ, ಮಳೆ, ಊರಿಂದೂರಿಗೆ ಸಾಗುವ ಗಾಡಿ, ಮತ್ತೆ ಸಾಲ. ೧೬೫೮ರಲ್ಲಿ ಪ್ಯಾರಿಸ್ಸಿಗೆ ಮರಳಿ ಹದಿನಾಲ್ಕನೆಯ ಲೂಯಿ ಅರಸನ ಮುಂದೆ ಆಡಿ ಅವನ ಕೃಪೆಗೆ ಪಾತ್ರನಾದನು.

‘ತಾರ್ತೂಫ್’ ನಾಟಕದ ಮೊದಲಿನ ಮೂರು ಅಂಕಗಳ ಆಟವು ೧೬೬೪ನೆಯ ಇಸವಿ ಮೇ ತಿಂಗಳ ೧೨ನೆಯ ತಾರೀಖಿಗೆ ವರ್ಸಾಯ್ ಅರಮನೆಯ ಉತ್ಸವದಲ್ಲಿ ಆಯಿತು. ಅರಸನು ನಕ್ಕನು. ಆದರೆ ಧರ್ಮದ ಹೆಸರಿನಲ್ಲಿ ಬಲಿತಿದ್ದ ಪಂಗಡದವರು ನಗಲಿಲ್ಲ. ಸಾರ್ವಜನಿಕ ಪ್ರಯೋಗಕ್ಕೆ ನಿಷೇಧ ಬಂದಿತು. ಒಬ್ಬ ಪಾದ್ರಿಯಂತೂ ಇಂಥ ನಾಟಕ ಬರೆದವನು ಮನುಷ್ಯವೇಷದ ಪಿಶಾಚಿ, ಸುಡಲಿಕ್ಕೆ ತಕ್ಕವನೆಂದು ಬರೆದನು. ಮೋಲಿಯೇರನು ಮೂರು ವರ್ಷ ತಾಳಿ, ಪಾತ್ರದ ಹೆಸರನ್ನೂ ನಾಟಕದ ಹೆಸರನ್ನೂ ಬದಲಿಸಿ, ೧೬೬೭ರ ಆಗಸ್ಟ ೫ಕ್ಕೆ ಮತ್ತೆ ಆಡಿಸಿದನು. ಅರಸನು ಆಗ ಯುದ್ಧಕ್ಕೆ ಹೋಗಿದ್ದನು. ಮರುದಿನವೇ ಪ್ಯಾರಿಸ್ಸಿನ ನ್ಯಾಯಾಧಿಪತಿಯು ನಾಟಕಗೃಹಕ್ಕೆ ಬೀಗ ಹಾಕಿಸಿದನು. ಅಲ್ಲಿಯ ಧರ್ಮಾಧ್ಯಕ್ಷನು ಇದನ್ನು ನೋಡಿದವರಿಗೂ ಓದಿದವರಿಗೂ ಬಹಿಷ್ಕಾರವೆಂದು ಸಾರಿದನು. ಕಡೆಗೆ ೧೬೬೯ರ ಫೆಬ್ರುವರಿ ೫ಕ್ಕೆ ಅಪ್ಪಣೆ ಸಿಕ್ಕಿತು. ಐದು ವರ್ಷ ಬಾಯಿ ಕಟ್ಟಿದ್ದ ನಾಟಕಕ್ಕೆ ಜನರು ಮುಗಿಬಿದ್ದರು.

ಕಥೆ ಇಷ್ಟು. ಓರ್ಗೋನನೆಂಬ ಅನುಕೂಲಸ್ಥ ಗೃಹಸ್ಥನು ಇಗರ್ಜಿಯಲ್ಲಿ ಮೊಣಕಾಲೂರಿ ನಿಟ್ಟುಸಿರು ಬಿಡುತ್ತಿದ್ದ ತಾರ್ತೂಫನನ್ನು ಕಂಡು ಮರುಳಾಗಿ ಮನೆಗೆ ಕರೆತಂದಿಟ್ಟುಕೊಳ್ಳುತ್ತಾನೆ. ತಾಯಿಯೂ ಅವನ ಕಡೆಗೆ. ಹೆಂಡತಿ, ಮಗ, ಮಗಳು, ಮೈದುನ, ಮನೆಗೆಲಸದ ಹೆಣ್ಣು, ಎಲ್ಲರಿಗೂ ಇವನು ಕಳ್ಳನೆಂದು ಗೊತ್ತು. ಯಜಮಾನನಿಗೆ ಮಾತ್ರ ಗೊತ್ತಿಲ್ಲ. ಮಗಳನ್ನು ಅವಳು ಒಲಿದ ವರನಿಂದ ತಪ್ಪಿಸಿ ಇವನಿಗೇ ಕೊಡಲು ಹೊರಡುತ್ತಾನೆ. ಸತ್ಯ ಹೇಳಿದ ಮಗನನ್ನು ಮನೆಯಿಂದ ಹೊರಗೆ ಹಾಕಿ ಮನೆಯನ್ನೇ ಇವನ ಹೆಸರಿಗೆ ಬರೆದುಕೊಡುತ್ತಾನೆ. ಕೊನೆಗೆ ಹೆಂಡತಿಯಾದ ಎಲ್ಮೀರಳು ಬೇರೆ ಉಪಾಯವಿಲ್ಲದೆ ಗಂಡನನ್ನು ಮೇಜಿನ ಕೆಳಗೆ ಅಡಗಿಸಿ ಕೂಡ್ರಿಸಿ, ತಾರ್ತೂಫನ ಕಾಮುಕತನವನ್ನು ಅವನ ಬಾಯಿಂದಲೇ ಹೊರಡಿಸುತ್ತಾಳೆ. ಆಗ ಕಣ್ಣು ತೆರೆಯುತ್ತದೆ. ಆದರೆ ಮನೆ ಕೈಬಿಟ್ಟಿದೆ. ಅರಸನ ಅಧಿಕಾರಿಯು ಬಂದು ಕಪಟಿಯನ್ನು ಹಿಡಿದೊಯ್ಯುವದರಿಂದ ಕುಟುಂಬವು ಉಳಿಯುತ್ತದೆ. ಈ ಕೊನೆಯನ್ನು ಕೆಲವರು ದೂಷಿಸುತ್ತಾರೆ. ಅರಸನ ಅಪ್ಪಣೆಯಿಂದ ಬದುಕಿದ ನಾಟಕಕ್ಕೆ ಅರಸನೇ ಬಂದು ಮಂಗಳ ಹಾಡಿದರೆ ತಪ್ಪೇನೆಂದು ನಾನು ಕೇಳುತ್ತೇನೆ.

ಇದರ ರಚನೆಯಲ್ಲಿ ಎರಡು ಸಂಗತಿಗಳು ನನ್ನ ಮನಸ್ಸನ್ನು ಹಿಡಿದವು. ಒಂದು, ಕಪಟಿಯು ಮೂರನೆಯ ಅಂಕದವರೆಗೆ ರಂಗಕ್ಕೆ ಬರುವದೇ ಇಲ್ಲ. ಎರಡು ಅಂಕಗಳ ತುಂಬ ಅವನ ವಿಷಯವಾಗಿ ಮನೆಯವರ ಜಗಳ. ೧೬೬೯ರ ಮುದ್ರಣದ ಮುನ್ನುಡಿಯಲ್ಲಿ ಕವಿಯೇ ಕಾರಣ ಹೇಳಿದ್ದಾನೆ: ನಿಜವಾದ ಭಕ್ತನೊಡನೆ ಇವನನ್ನು ಯಾರೂ ಕಲಸಿಕೊಳ್ಳದಿರಲೆಂದು ಎರಡು ಅಂಕಗಳನ್ನು ಮುಡಿಪಾಗಿಟ್ಟನಂತೆ. ಇನ್ನೊಂದು, ಸ್ವತಃ ಮೋಲಿಯೇರನು ಕಪಟಿಯ ಪಾತ್ರವನ್ನು ವಹಿಸಲಿಲ್ಲ. ಮೋಸಹೋಗುವ ಗೃಹಸ್ಥನ ಪಾತ್ರವನ್ನು ವಹಿಸಿದನು. ಅವನ ಹೆಂಡತಿ ಅರ್ಮಾಂದಳು ಎಲ್ಮೀರಳಾದಳು. ಓರ್ಗೋನನ ಮುದಿತಾಯಿಯ ಪಾತ್ರಕ್ಕೆ ಗಂಡಸೊಬ್ಬನು ಸೀರೆ ಉಟ್ಟನು, ಅಲ್ಲ, ಅಲ್ಲಿಯ ನಿಲುವಂಗಿ ತೊಟ್ಟನು. ನಮ್ಮ ಕಂಪನಿಗಳ ಸ್ತ್ರೀಪಾರ್ಟಿನ ನಟರನ್ನು ನೆನೆದು ಕೈ ತಪ್ಪಿತು. ಕಂಪನಿಯ ಮಾಲಕನೂ ಕವಿಯೂ ಮುಖ್ಯ ನಟನೂ ಆದವನು ತನಗಾಗಿ ಆರಿಸಿಕೊಂಡದ್ದು ಮೂರ್ಖನ ಪಾತ್ರ. ಆಷಾಢಭೂತಿಯ ಕಥೆಯಲ್ಲಿ ದೇವಶರ್ಮನ ತಪ್ಪೊಪ್ಪಿಗೆಯೇ ಮುಖ್ಯವೆಂದು ಮೇಲೆ ಬರೆದೆನಷ್ಟೆ. ಪ್ಯಾರಿಸ್ಸಿನ ಕವಿಯೂ ಅದೇ ಸ್ಥಾನದಲ್ಲಿ ತಾನು ಹೋಗಿ ನಿಂತನು.

ಮೂಲವು ಪದ್ಯದಲ್ಲಿದೆ. ಪ್ರತಿ ಸಾಲಿಗೆ ಹನ್ನೆರಡು ಅಕ್ಷರ, ಎರಡೆರಡು ಸಾಲಿಗೆ ಅಂತ್ಯಪ್ರಾಸ. ನಮ್ಮ ಛಂದಸ್ಸಿನಲ್ಲಿ ವಂಶಸ್ಥ, ದ್ರುತವಿಲಂಬಿತಗಳು ಸೇರಿದ ಜಗತೀ ಎಂಬ ವರ್ಗಕ್ಕೂ ಪಾದಕ್ಕೆ ಹನ್ನೆರಡೇ ಅಕ್ಷರ. ಇದರಿಂದ ಏನೂ ಸಿದ್ಧವಾಗುವದಿಲ್ಲ. ಎಣಿಸಿ ನೋಡುವ ಚಟ ನನ್ನದು.

ಸಂಸ್ಕೃತದಲ್ಲಿ ಪ್ರಹಸನವೆಂಬುದು ದಶರೂಪಕಗಳಲ್ಲಿ ಒಂದು. ಧನಂಜಯನು ಅದನ್ನು ಶುದ್ಧ, ವಿಕೃತ, ಸಂಕರವೆಂದು ಮೂರು ಬಗೆ ಮಾಡಿದ್ದಾನೆ. ಏಳನೆಯ ಶತಮಾನದ ಪಲ್ಲವ ಅರಸ ಮಹೇಂದ್ರವರ್ಮನ ‘ಮತ್ತವಿಲಾಸ’ದಲ್ಲಿ ಕುಡುಕ ಕಾಪಾಲಿಕನು ತನ್ನ ಕಪಾಲಪಾತ್ರೆ ಕಳೆದುಕೊಂಡು ಭಿಕ್ಷುವಿನೊಡನೆ ಬೀದಿಯಲ್ಲಿ ಜಗಳಾಡುತ್ತಾನೆ. ವೇಷಧಾರಿಯನ್ನು ನಗುವದಕ್ಕೆ ನಮ್ಮ ಪೂರ್ವಿಕರು ಫ್ರೆಂಚರ ಅಪ್ಪಣೆ ಕೇಳಲಿಲ್ಲವೆಂಬುದು ಸ್ಪಷ್ಟ. ಆದರೆ ಒಂದು ಭೇದವುಂಟು. ನಮ್ಮ ಪ್ರಹಸನಗಳು ಬೀದಿಯಲ್ಲಿ, ಮಠದಲ್ಲಿ, ಉದ್ಯಾನದಲ್ಲಿ ನಡೆಯುತ್ತವೆ. ಅಡಿಗೆಮನೆಯ ಹೊಸತಿಲವರೆಗೆ ಬರುವದಿಲ್ಲ. ಕನ್ನಡದಲ್ಲಿ ಮನೆಯೊಳಗಿನ ಕೇಡನ್ನು ರಂಗಕ್ಕೆ ತಂದ ಮೊದಲಿಗರಲ್ಲಿ ಕರ್ಕಿಯ ಸೂರಿ ವೆಂಕಟರಮಣ ಶಾಸ್ತ್ರಿಗಳು ಮುಖ್ಯರು; ಕನ್ಯಾವಿಕ್ರಯದ ಪರಿಣಾಮವನ್ನು ತೋರಿಸುವ ಅವರ ಇಗ್ಗಪ್ಪ ಹೆಗಡೆಯ ವಿವಾಹ ಪ್ರಹಸನವು ೧೮೮೭ರಷ್ಟು ಹಿಂದಿನದು. ಮೂರ್ತಿರಾಯರ ಆಷಾಢಭೂತಿ ಕಾಲಿಟ್ಟದ್ದು ಈ ಮನೆಯೊಳಕ್ಕೇ.

ಈಗ ನನ್ನ ನಿದ್ರೆ ಕೆಟ್ಟ ಕಾರಣ.

ಸುಮಾರು ಇಪ್ಪತ್ತೈದು ವರ್ಷಗಳ ಹಿಂದೆ ನಾನು ಶಿಗ್ಗಾವಿ ತಾಲೂಕಿನ ಒಂದು ಹಳ್ಳಿಯಲ್ಲಿ ಶಿಕ್ಷಕನಾಗಿದ್ದೆನು. ಆಷಾಢಮಾಸದ ಒಂದು ಜಡಿಮಳೆಯ ಸಂಜೆ ಕಾವಿಯುಟ್ಟ ಒಬ್ಬರು ಬಾಗಿಲಿಗೆ ಬಂದು ನಿಂತರು. ಕಾಶಿಯಿಂದ ಬಂದವರೆಂದೂ, ಚಾತುರ್ಮಾಸ್ಯಕ್ಕೆ ಸ್ಥಳ ಹುಡುಕುತ್ತಿರುವರೆಂದೂ ಹೇಳಿದರು. ಹೇಳಿದ್ದು ಸಂಸ್ಕೃತದಲ್ಲಿ. ವಾಚಕರೇ, ಆ ಹಳ್ಳಿಯಲ್ಲಿ ಹನ್ನೊಂದು ವರ್ಷಗಳಲ್ಲಿ ನನ್ನೊಡನೆ ಸಂಸ್ಕೃತದಲ್ಲಿ ಮಾತಾಡಿದ ಮನುಷ್ಯರು ಅವರೊಬ್ಬರೇ. ಉಚ್ಚಾರ ಶುದ್ಧ, ಸ್ವರ ಗಂಭೀರ. ಉಪನಿಷತ್ತನ್ನು ಹೇಳಿದರೆ ಮಳೆಯ ಸಪ್ಪಳವೇ ಕೇಳಿಸದಾಯಿತು. ಬೇರೆ ಯಾವ ಬಲೆಗೂ ಬೀಳದ ನಾನು ಶುದ್ಧವಾದ ವಿಸರ್ಗಕ್ಕೆ ಬಿದ್ದೆನು. ನನ್ನ ತಾಯಿಯವರು ಆಗ ಬದುಕಿದ್ದರು. ಅವರಿಗಂತೂ ಮನೆಗೆ ದೇವರೇ ಬಂದಷ್ಟು ಸಂತೋಷ.

ನನ್ನ ಪತ್ನಿ ಎಂಟನೆಯ ದಿನಕ್ಕೇ ಎಚ್ಚರಿಸಿದಳು. “ನೋಡ್ರಿ, ಏಕಾದಶಿ ದಿನ ನಮಗ ಉಪವಾಸ. ಅವರಿಗೆ ಫಲಾಹಾರದ ಹೆಸರಿನ್ಯಾಗ ಎರಡು ಸೇರು ಹಾಲು ಬೇಕು” ಎಂದಳು. ಅತಿಥಿಯ ತುತ್ತನ್ನು ಎಣಿಸಬಾರದೆಂದು ನಾನು ಗದರಿದೆನು. ಇನ್ನೊಮ್ಮೆ, ತಾನು ಅರಿವೆ ಒಗೆಯಲು ಹೋದಾಗ ಅವರು ದೇವರಮನೆಯ ಕಪಾಟಿನ ಮುಂದೆ ನಿಂತಿದ್ದರೆಂದು ಹೇಳಿದಳು. ಅದಕ್ಕೂ ಗದರಿದೆನು. ಭಾದ್ರಪದದಲ್ಲಿ ಆಕೆಗೆ ಜ್ವರ ಬಂದಿತು. ನಾನು ಶಾಲೆಯಿಂದ ಬಂದವನು ಕೈಕಾಲು ತೊಳೆಯುವ ಮೊದಲೇ ಮಗಳನ್ನು ಕೇಳಿದ ಪ್ರಶ್ನೆ, ಸ್ವಾಮಿಗಳಿಗೆ ಫಲಾಹಾರವಾಯಿತೇ ಎಂಬುದಾಗಿತ್ತು. ಮಗಳಿಗೆ ಆಗ ಹತ್ತು ವರ್ಷ. ಆಕೆ ನೆನಪಿಟ್ಟುಕೊಂಡಿದ್ದಾಳೆ.

ಕಾರ್ತಿಕದಲ್ಲಿ ಅವರು ಹೋದರು. ತಮ್ಮ ಆಶ್ರಮದ ಬಾವಿಯನ್ನು ಕಟ್ಟಿಸಲಿಕ್ಕೆಂದು ನಾನು ಕೊಟ್ಟ ಮೂವತ್ತು ಸಾವಿರ ರೂಪಾಯಿಗಳೂ, ನಾನು ಕೊಡದೆ ಇದ್ದ ಪತ್ನಿಯ ಒಂದು ಜೋಡು ಪಾಟ್ಲಿಯೂ ಅವರೊಡನೆ ಹೋದವು. ಅವರು ಹೇಳಿದ ವಿಳಾಸಕ್ಕೆ ಬರೆದ ಪತ್ರ ತಿರುಗಿ ಬಂದಿತು. ಪೋಲೀಸರಿಗೆ ದೂರು ಕೊಡಲು ನನಗೆ ನಾಚಿಕೆ. ಊರಲ್ಲಿ ಪಂಡಿತನೆಂಬ ಹೆಸರಿತ್ತು. ಐದು ವರ್ಷಗಳ ಮೇಲೆ ವೇತನದ ಬಾಕಿ ಬಂದಾಗ ಹೊಸ ಪಾಟ್ಲಿ ಮಾಡಿಸಿ ತಂದೆನು. ಪತ್ನಿ ಕೈಗೆ ಹಾಕಿಕೊಂಡು, “ಹಳೇವು ನಮ್ಮವ್ವ ಕೊಟ್ಟಿದ್ದವು” ಎಂದಷ್ಟೇ ನುಡಿದು ಅಡಿಗೆಮನೆಗೆ ಹೋದಳು. ಅಂದಿನಿಂದ ಆ ಪ್ರಸ್ತಾಪ ನಮ್ಮ ಮನೆಯಲ್ಲಿ ಆಗಲಿಲ್ಲ.

ಇಂಥವನು ಹೋಗಿ ಮುಂದಿನ ಸಾಲಿನಲ್ಲಿ ಕುಳಿತು ಆ ನಾಟಕವನ್ನು ನೋಡಿದೆನು.

ಮೊದಲನೆಯ ಅಂಕದಲ್ಲಿ ಒಂದು ಪ್ರವೇಶವಿದೆ. ಯಜಮಾನನು ಎರಡು ದಿನ ಪರಊರಿಗೆ ಹೋಗಿ ಬಂದಿದ್ದಾನೆ. ಮನೆಗೆಲಸದವಳು, ಅಮ್ಮನವರಿಗೆ ಜ್ವರ ಬಂದಿತ್ತು, ತಲೆಶೂಲೆ ತಡೆಯದಾಗಿತ್ತು ಎಂದು ಹೇಳುತ್ತಾಳೆ. ಅವನು ಅದನ್ನು ಕೇಳಿಸಿಕೊಳ್ಳದೆ ಅತಿಥಿಯ ಯೋಗಕ್ಷೇಮ ಕೇಳುತ್ತಾನೆ. ಅತಿಥಿಯು ತಿಂದು ಕೊಬ್ಬಿ ಕೆಂಪಗಾಗಿದ್ದಾನೆಂದು ಅವಳೆಂದರೆ, ಪಾಪವೆಂದು ಅವನನ್ನೇ ಮರುಗುತ್ತಾನೆ. ಹೀಗೆ ನಾಲ್ಕು ಸಲ. ವಿದ್ಯಾರ್ಥಿಗಳು ಇದನ್ನು ಯುಗಳಗೀತೆಯನ್ನಾಗಿ ಮಾಡಿದ್ದರು. ಜ್ವರದ ಸುದ್ದಿಯೆಲ್ಲ ಹೆಣ್ಣಿನ ನುಡಿಗಳಲ್ಲಿ. ಯಜಮಾನನಿಗೆ ಪಲ್ಲವಿ ಮಾತ್ರ. ನುಡಿ ನುಡಿಗೂ ಅವಳ ಸ್ವರ ಕುಗ್ಗುತ್ತ ಹೋಯಿತು. ಅವನ ಪಲ್ಲವಿ ಏರುತ್ತ ಹೋಯಿತು. ಜನರು ಹೊಟ್ಟೆ ಹಿಡಿದುಕೊಂಡು ನಕ್ಕರು. ‘ವನ್ಸ ಮೋರ್’ ಎಂಬ ಕೂಗೆದ್ದು ಹಾಡನ್ನು ಮತ್ತೊಮ್ಮೆ ಹಾಡಿಸಿದರು. ನನ್ನ ಪತ್ನಿಯು ಸೆರಗನ್ನು ಬಾಯಿಗೆ ಒತ್ತಿಕೊಂಡು ಕಣ್ಣೀರು ಬರುವವರೆಗೆ ನಗುತ್ತಿದ್ದವಳು, ಎರಡನೆಯ ಸಲದ ನಡುವೆ ಒಮ್ಮೆಲೆ ನಿಂತಳು. ನನ್ನ ಕಡೆಗೆ ನೋಡಿದಳು. ನಾನು ಪೇಟಿಯವನ ಬೆರಳುಗಳನ್ನು ನೋಡುತ್ತ ಕುಳಿತೆನು.

ಭರತಮುನಿಯು ಹಾಸ್ಯವನ್ನು ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತವೆಂದು ಆರು ವಿಧ ಮಾಡಿದ್ದಾನೆ. ತಾನೇ ನಗೆಗೀಡಾಗಿ ಕುಳಿತು ನಗಲಾರದವನ ಸ್ಥಿತಿಗೆ ಏಳನೆಯದೊಂದನ್ನು ಕೂಡಿಸಬಹುದಾಗಿತ್ತು.

ಅದೇ ಮಾತು ಗದ್ಯದಲ್ಲಿ ಬಂದಿದ್ದರೆ ಇಷ್ಟು ತಾಗುತ್ತಿತ್ತೋ ಇಲ್ಲವೋ. ಮಾತು ಒಮ್ಮೆ ಆಡಿ ಮುಗಿಯುತ್ತದೆ. ಪಲ್ಲವಿ ತಿರುತಿರುಗಿ ಬರುತ್ತದೆ, ಕೇಳುವವನನ್ನು ಬಿಡುವದಿಲ್ಲ. ನಗೆಯ ನಾಟಕಕ್ಕೆ ಹಾಡು ಕೂಡಿಸಿದರೆ ಕೆಡುತ್ತದೆಂಬ ಪಂಡಿತರ ಮಾತನ್ನು ನಾನೂ ಹಿಂದೆ ಆಡುತ್ತಿದ್ದೆನು, ಈಗ ಆಡುವದಿಲ್ಲ. ಸ್ವತಃ ಮೋಲಿಯೇರನೇ ಬೇರೆ ನಾಟಕಗಳಲ್ಲಿ ಹಾಡು ಕುಣಿತಗಳನ್ನು ಧಾರಾಳವಾಗಿ ಸೇರಿಸಿದವನು. ಇಟಲಿಯಿಂದ ಬಂದ ಲ್ಯೂಲಿ ಎಂಬ ಸಂಗೀತಗಾರನ ಜೊತೆಗೂಡಿ ಮಾಡಿದ ‘ದೊಡ್ಡಮನುಷ್ಯನಾಗಹೊರಟ ವ್ಯಾಪಾರಿ’ಯ ನಾಟಕವು ೧೬೭೦ರ ಅಕ್ಟೋಬರ ೧೪ಕ್ಕೆ ಶಾಂಬೋರ್ ಅರಮನೆಯಲ್ಲಿ ಆಯಿತು. ಕೊನೆಗೆ ಸುಳ್ಳು ತುರ್ಕರ ದೊಡ್ಡ ಮೇಳ ಬಂದು ಹಾಡಿ ಕುಣಿದು ವ್ಯಾಪಾರಿಗೆ ಇಲ್ಲದ ಬಿರುದು ಕೊಡುತ್ತದೆ. ಅದರಲ್ಲಿ ಪಂಡಿತನೊಬ್ಬನು ಬಾಯಿ ಅಗಲಿಸಿ, ತುಟಿ ಮುಂದೆ ಮಾಡಿ, ಸ್ವರಾಕ್ಷರಗಳ ಉಚ್ಚಾರ ಕಲಿಸುವ ಭಾಗವಿದೆ. ವರ್ಣಗಳ ಸ್ಥಾನಪ್ರಯತ್ನಗಳನ್ನು ಕಲಿಸುವಾಗ ನಾನೂ ಎಷ್ಟೋ ಸಲ ಹಾಗೆಯೇ ನಿಂತಿದ್ದೇನೆ. ಹಿಂದಿನ ಸಾಲಿನ ಹುಡುಗರು ಏಕೆ ನಗುತ್ತಿದ್ದರೆಂಬುದು ತಡವಾಗಿ ತಿಳಿಯಿತು. ೧೬೭೩ರ ಫೆಬ್ರುವರಿಯಲ್ಲಿ ಅವನ ಕಡೆಯ ನಾಟಕದ ನಾಲ್ಕನೆಯ ಪ್ರಯೋಗ. ಕಾಲ್ಪನಿಕ ರೋಗಿಯ ಪಾತ್ರ ಅವನದು. ರೋಗ ಮಾತ್ರ ನಿಜವಾದದ್ದು. ಆಡಿ ಮುಗಿಸಿ ಮನೆಗೆ ಹೋಗಿ ಅದೇ ರಾತ್ರಿ ತೀರಿಕೊಂಡನು. ನಟನಾದ್ದರಿಂದ ಶವಸಂಸ್ಕಾರಕ್ಕೂ ಅಡ್ಡಿ ಬಂದು, ಅರಸನ ಮಾತಿನಿಂದ ರಾತ್ರಿಯ ಹೊತ್ತು ಹೂಳಿದರು.

ಅಮೇರಿಕದ ಒಂದು ಉದಾಹರಣೆಯನ್ನೂ ಹೇಳಬೇಕು. ಎದ್ಮೋಂ ರೋಸ್ತಾಂ ಎಂಬ ಫ್ರೆಂಚ ಕವಿಯ ೧೮೯೪ರ ಒಂದು ವಿನೋದ ನಾಟಕವುಂಟು. ಮಕ್ಕಳು ಪರಸ್ಪರ ಒಲಿಯಲೆಂದು ಇಬ್ಬರು ತಂದೆಯರು ಸುಳ್ಳುವೈರ ಹೂಡಿ ನಡುವೆ ಗೋಡೆ ಎಬ್ಬಿಸುವ ಕಥೆ. ಟೆಕ್ಸಾಸ ವಿಶ್ವವಿದ್ಯಾನಿಲಯದಲ್ಲಿ ಸಹಪಾಠಿಗಳಾಗಿದ್ದ ಇಬ್ಬರು, ಒಬ್ಬನು ಹಾಡು ಬರೆದು ಒಬ್ಬನು ಮಟ್ಟು ಹಾಕಿ, ಅದನ್ನು ‘ಫೆಂಟಾಸ್ಟಿಕ್ಸ್’ ಎಂಬ ಹಾಡಿನ ನಾಟಕ ಮಾಡಿದರು. ೧೯೫೯ರಲ್ಲಿ ಒಂದು ಹೆಣ್ಣುಮಕ್ಕಳ ಕಾಲೇಜಿನ ಚಿಕ್ಕ ರಂಗದಲ್ಲಿ ಒಂದೇ ಅಂಕವಾಗಿ ಆಡಿದ್ದು, ಮರುವರ್ಷ ನ್ಯೂಯಾರ್ಕಿನ ಪುಟ್ಟ ನಾಟಕಗೃಹವೊಂದರಲ್ಲಿ ಪ್ರಾರಂಭವಾಗಿ ೨೦೦೨ರ ಜನೇವರಿಯವರೆಗೆ ನಡೆದು ೧೭,೧೬೨ ಪ್ರಯೋಗಗಳ ಲೆಕ್ಕಕ್ಕೆ ಮುಟ್ಟಿತು. ಮೂಲದ ಕವಿಗೆ ಇಷ್ಟು ಆಯುಷ್ಯವನ್ನು ಹಾಡು ತಂದುಕೊಟ್ಟಿತು.

ನಮ್ಮ ಕಡೆಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಮರಾಠಿಯಲ್ಲಿ ೧೮೮೦ರಲ್ಲಿ ಸಂಗೀತ ಶಾಕುಂತಲವನ್ನು ಆಡಿಸಿ ಹೊಸ ಯುಗ ತೆರೆದ ಅಣ್ಣಾಸಾಹೇಬ ಕಿರ್ಲೋಸ್ಕರರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. ಅವರಿಗೂ ಮೊದಲು, ಮರಾಠಿ ಕಂಪನಿಗಳ ಆಟಕ್ಕೆ ಕನ್ನಡದ ಊರುಗಳೆಲ್ಲ ಮಾರುಹೋಗಿರುವದನ್ನು ಕಂಡು ನೊಂದ ಸಕ್ಕರಿ ಬಾಳಾಚಾರ್ಯರು, ಎಂದರೆ ಶಾಂತಕವಿಗಳು, ೧೮೭೦ರ ದಶಕದಲ್ಲಿ ಗದುಗಿನಲ್ಲಿ ಕೃತಪುರ ನಾಟಕ ಮಂಡಳಿಯನ್ನು ಕಟ್ಟಿ ಉಷಾಹರಣವನ್ನು ಆಡಿಸಿದರು. ಶಾಂತಕವಿಗಳು ಹುಟ್ಟಿದ್ದು ೧೮೫೬ರಲ್ಲಿ ನಮ್ಮ ಹಿರೇಕೆರೂರ ತಾಲೂಕಿನ ಸಾತೇನಹಳ್ಳಿಯಲ್ಲಿ. ವೃತ್ತಿಯಿಂದ ಶಾಲಾಶಿಕ್ಷಕರು. ಇದನ್ನು ಬರೆಯುವಾಗ ನನಗೆ ಸ್ವಲ್ಪ ಅಭಿಮಾನವಾದರೆ ವಾಚಕರು ಕ್ಷಮಿಸಬೇಕು. ಗದುಗಿನ ಪುಣ್ಯಾಶ್ರಮದ ಪಂಚಾಕ್ಷರ ಗವಾಯಿಗಳೂ, ೧೯೧೪ರಲ್ಲಿ ಹುಟ್ಟಿದ ಅವರ ಶಿಷ್ಯ ಪುಟ್ಟರಾಜ ಗವಾಯಿಗಳೂ ಹಾನಗಲ್ಲ ತಾಲೂಕಿನವರೇ. ಕಣ್ಣಿಲ್ಲದ ಆ ಮಹನೀಯರು ಸಂಗೀತದ ಜೊತೆಗೆ ನಾಟಕ ಸಂಘವನ್ನೂ ನಡೆಯಿಸಿದರು. ಇಂದಿಗೂ ಅದೇ ತಾಲೂಕಿನ ಶೇಷಗಿರಿಯಂಥ ಚಿಕ್ಕ ಊರಿನಲ್ಲಿ ಗಜಾನನ ಯುವಕ ಮಂಡಳಿಯವರು ಹೊಸ ನಾಟಕಗಳನ್ನು ಅಭ್ಯಾಸ ಮಾಡಿ ಆಡುತ್ತಾರೆ. ಶಿಗ್ಗಾವಿ ತಾಲೂಕಿನ ಗೋಟಗೋಡಿಯಲ್ಲಿ ೨೦೧೧ರಲ್ಲಿ ಜಾನಪದ ವಿಶ್ವವಿದ್ಯಾನಿಲಯವೂ ಆಗಿದೆ. ಅಲ್ಲಿಯ ವಿದ್ಯಾರ್ಥಿಗಳು ಎಂದಾದರೂ ಈ ಆಷಾಢಭೂತಿಯನ್ನು ಸಣ್ಣಾಟದ ಮಟ್ಟಿನಲ್ಲಿ ಆಡಿದರೆ, ನಾನು ಮೊದಲನೆಯ ಸಾಲಿನಲ್ಲಿ ಕುಳಿತುಕೊಳ್ಳುವೆನು. ಈ ಸಲ ನಗುವದಕ್ಕೆ ಸಿದ್ಧನಾಗಿ.

ವಿದ್ಯಾರ್ಥಿಗಳ ಪ್ರಯೋಗದಲ್ಲಿ ದೋಷಗಳೂ ಇದ್ದವು. ಮೇಜಿನ ಪ್ರವೇಶದಲ್ಲಿ ಕಪಟಿಯ ಬಾಯಿಗೆ ಉದ್ದವಾದ ಶೃಂಗಾರಗೀತೆಯನ್ನು ಕೊಟ್ಟದ್ದು ತಪ್ಪು. ಅಲ್ಲಿ ಹೆಣ್ಣಿನ ಮಾನ ಅಂಚಿನ ಮೇಲೆ ನಿಂತಿದೆ. ಗಂಡನು ಹೊರಗೆ ಬರುವನೋ ಬಾರನೋ ಎಂದು ಅವಳು ಕೆಮ್ಮಿ ಕೆಮ್ಮಿ ಸೂಚಿಸುತ್ತಿದ್ದಾಳೆ. ಆಗ ತಾನ ಆಲಾಪ ಮಾಡುತ್ತ ನಿಂತರೆ ಭಯವೂ ಹೋಯಿತು, ನಗೆಯೂ ಹೋಯಿತು. ಇನ್ನು ಮೇಜು. ನಮ್ಮ ಹಳ್ಳಿಯ ಮನೆಯಲ್ಲಿ ಮನುಷ್ಯನು ಅಡಗುವಷ್ಟು ದೊಡ್ಡ ಮೇಜು ಎಲ್ಲಿಯದು? ಕಣಜದ ಹಿಂದೆ ಕೂಡ್ರಿಸಬಹುದಾಗಿತ್ತು. ಮೈಗೆಲ್ಲ ಜೋಳದ ಹೊಟ್ಟು ಹತ್ತಿಕೊಂಡು ಅವನು ಹೊರಬಂದಿದ್ದರೆ ಇನ್ನೂ ಚೆನ್ನ. ಆದರೆ ಅರಸನ ಅಧಿಕಾರಿಯನ್ನು ದೊಡ್ಡಾಟದ ಸಾರಥಿಯಂತೆ ಕುಣಿಸುತ್ತ ತಂದದ್ದು ಬಹು ಸೊಗಸಾಗಿತ್ತು. ಎಲ್ಲಿಂದಲೋ ಬಂದು ಎಲ್ಲವನ್ನೂ ಸರಿಪಡಿಸುವವನು ಗೆಜ್ಜೆ ಕಟ್ಟಿ ಬಂದರೆ ಯಾರೂ ಪ್ರಶ್ನಿಸುವದಿಲ್ಲ.

ಆ ರಾತ್ರಿ ಮಗಳ ಮನೆಗೆ ನಡೆದು ಬರುವಾಗ ಮೊಮ್ಮಗಳು ಮುಂದೆ ಹಾಡುತ್ತ ಹೋಗುತ್ತಿದ್ದಳು, ಅದೇ ಪಲ್ಲವಿ. ಪತ್ನಿಯು ಬಹಳ ಹೊತ್ತು ಸುಮ್ಮನಿದ್ದು, “ಆವತ್ತ ನನಗ ಜ್ವರಾ ಬಂದಿತ್ತು. ನೆನಪದ ಏನ್ರಿ?” ಎಂದಳು. ನೆನಪಿದೆ ಎಂದೆನು. ತಪ್ಪಾಯಿತೆಂದೂ ಎಂದೆನು. ಇಪ್ಪತ್ತು ವರ್ಷಗಳಿಗೂ ಮಿಕ್ಕಿ ಆ ಮಾತು ನನ್ನ ಬಾಯಿಂದ ಹೊರಟಿರಲಿಲ್ಲ. “ಹಂಗಾರ ಸಾಕ್ರಿ” ಎಂದು ಆಕೆ ಮೊಮ್ಮಗಳ ಕೈ ಹಿಡಿಯಲು ಮುಂದೆ ನಡೆದಳು.

ಈಗ ನಮ್ಮ ಊರಿನ ಹುಡುಗರು ಬರುವ ಕಾಮನ ಹುಣ್ಣಿವೆಗೆ ಇದೇ ನಾಟಕವನ್ನು ಆಡಬೇಕೆಂದಿದ್ದಾರೆ. ಹಾಡುಗಳನ್ನು ಹೊಸೆದು ಕೊಡುವ ಭಾರ ನನ್ನ ಮೇಲೆ ಬಿದ್ದಿದೆ. ಇದರಿಂದ ಸ್ವಾಮಿಗಳಿಗೆ ಅಪಮಾನವಾದೀತೆಂದು ಹಿರಿಯರೊಬ್ಬರು ಬಂದು ಶಂಕಿಸಿದರು. ಶಿಶುನಾಳದ ಶರೀಫರಿಗೆ ಕಳಸದ ಗೋವಿಂದಭಟ್ಟರು ಗುರುವಾದ ಸೀಮೆ ಇದು. ಹಾನಗಲ್ಲ ಕುಮಾರಸ್ವಾಮಿಗಳು ನಡೆದಾಡಿದ ನೆಲ. ಅಂಥವರನ್ನು ಕಂಡ ಜನರಿಗೆ ಕಳ್ಳನಾರೆಂಬುದು ತಿಳಿಯದೆ? ನಾನು ಅವರಿಗೆ ನನ್ನ ಸ್ವಂತ ಕಥೆಯನ್ನೇ ಹೇಳಿದೆನು. ಅವರು ಬಹಳ ಹೊತ್ತು ಕುಳಿತು, ಚಹ ಕುಡಿದು, ತಮ್ಮ ಮನೆಯಲ್ಲಿ ನಡೆದದ್ದನ್ನೂ ಹೇಳಿಹೋದರು. ಅದನ್ನು ಇಲ್ಲಿ ಬರೆಯುವದಕ್ಕೆ ಅವರ ಅಪ್ಪಣೆ ಇಲ್ಲ.

ನಾಲ್ಕು ಹಾಡುಗಳು ಆಗಿವೆ. ಪೇಟಿಯ ಎರಡು ಸ್ವರಗಳು ಕೆಟ್ಟಿದ್ದು ಹುಬ್ಬಳ್ಳಿಗೆ ದುರಸ್ತಿಗೆ ಹೋಗಿದೆ. ಜ್ವರದ ಹಾಡು ಮಾತ್ರ ಇನ್ನೂ ಕೂಡಿಲ್ಲ. ನಾನು ಬರೆದ ಹೆಣ್ಣಿನ ನುಡಿಗಳನ್ನು ನನ್ನ ಪತ್ನಿಯು ಅಡಿಗೆಮನೆಯಿಂದಲೇ ಕೇಳಿ ಎರಡು ಸಲ ತಿದ್ದಿಸಿದ್ದಾಳೆ. ನಿನ್ನೆ ಮೂರನೆಯ ನುಡಿಯನ್ನು ಓದಿದಾಗ, “ಜ್ವರದಾಗ ಯಾರೂ ಅಷ್ಟು ಉದ್ದ ಮಾತಾಡಂಗಿಲ್ಲ, ಕಡಿಮಿ ಮಾಡ್ರಿ” ಎಂದಳು. ಕಡಿಮೆ ಮಾಡುತ್ತಿದ್ದೇನೆ.